ಹಗುರ ಚಕ್ರ, ಭಾರ ಚಕ್ರ

ಈ ಮಾಸಿಕದಲ್ಲಿ ವ್ರತ-ನಿಯಮ, ತೀರ್ಥಯಾತ್ರೆ, ಮಕ್ಕಳ ವಿದ್ಯಾಭ್ಯಾಸ, ಮನೆಮದ್ದು ಮುಂತಾದವುಗಳ ಬಗ್ಗೆ ಬಲ್ಲವರು ಬರೆಯುತ್ತಾರೆ. ನಾವು ಬರೆಯ ಹೊರಟಿರುವುದು ಮೋಟಾರಿನ ಒಂದು ಬಿಡಿಭಾಗದ ಬಗ್ಗೆ. ಇದಕ್ಕೂ ಕುಟುಂಬದ ಪತ್ರಿಕೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಕಳೆದ ವರ್ಷ ಹೆಚ್ಚುಕಡಿಮೆ ಮೂರು ತಿಂಗಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಾಗಲೂ ನಡೆದದ್ದು ಅದೊಂದೇ ಮಾತು. ಈಗ ಬಹಳ ಮನೆಗಳಲ್ಲಿ ಕಾರು ಇದೆ. ಕಾರಿನ ಹುಚ್ಚು ಹಿಡಿದ ಹುಡುಗರೂ ಇದ್ದಾರೆ. ಅಂಥ ಮನೆಯ ಹಿರಿಯರಿಗೆ ನಮ್ಮ ಲೆಕ್ಕಾಚಾರ ಸ್ವಲ್ಪ ಉಪಯೋಗವಾದೀತು ಎಂದು ಬರೆಯುತ್ತಿದ್ದೇವೆ.

ನಮ್ಮ ಊರು ಜತ್ತ ತಾಲೂಕಿನದು. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಕಾಳುಕಡಿಯ ವ್ಯಾಪಾರ ತಂದೆಯವರ ಕಾಲದಿಂದ ನಡೆದು ಬಂದದ್ದು. ನಾವು ಓದಿದ್ದು ಮ್ಯಾಟ್ರಿಕ್‌ವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಇಂಜಿನಿಯರಿಂಗ್ ವಿದ್ಯೆ ನಮಗಿಲ್ಲ. ಆದರೆ ತಂದೆಯವರು ಅಂಗಡಿಯ ಹಿಂದೆ ಒಂದು ಹಿಟ್ಟಿನ ಗಿರಣಿ ಇಟ್ಟಿದ್ದರು, ಅದು ಆಯಿಲ್ ಇಂಜಿನ್ನಿನ ಮೇಲೆ ನಡೆಯುತ್ತಿತ್ತು. ಆ ಇಂಜಿನ್ನಿನ ಹ್ಯಾಂಡಲ್ ಹೊಡೆದು ಹೊಡೆದು ನಮ್ಮ ಭುಜ ಬೆಳೆದವು. ಆದ್ದರಿಂದ ಈ ಚಕ್ರದ ಗುಣ ನಮಗೆ ಪುಸ್ತಕದಿಂದ ಅಲ್ಲ, ಕೈಯಿಂದ ಗೊತ್ತು.

ಮನೆಯಲ್ಲಿರುವ ಕಾರು ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಅದನ್ನು ಇಂದಿಗೂ ಫಿಯಾಟ್ ಎಂದೇ ಕರೆಯುತ್ತಾರೆ. ತಂದೆಯವರು 1984ರಲ್ಲಿ ತೆಗೆದುಕೊಂಡದ್ದು. ಆಗ ದುಡ್ಡು ಕೈಯಲ್ಲಿದ್ದರೂ ಕಾರು ಸಿಗುತ್ತಿರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಅಂಬಾಸಡರ್ ಬಿಟ್ಟು ಇದನ್ನೇ ಏಕೆ ತೆಗೆದುಕೊಂಡಿರಿ ಎಂದರೆ ತಂದೆಯವರದು ಒಂದೇ ಉತ್ತರ: "ಇದು ನಮ್ಮ ಸೊಲ್ಲಾಪುರದ ಮನಷ್ಯಾನ ಗಾಡಿ." ಅದು ನಿಜ. ವಾಲಚಂದ ಹೀರಾಚಂದರು 1882ರಲ್ಲಿ ಸೊಲ್ಲಾಪುರದ ಜೈನ ಮನೆತನದಲ್ಲಿ ಹುಟ್ಟಿದವರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್, ಅದಕ್ಕೂ ಮೊದಲು ಹಡಗಿನ ಕಂಪನಿ. ಒಂದು ಜನ್ಮದಲ್ಲಿ ಒಬ್ಬ ವ್ಯಾಪಾರಸ್ಥ ಇಷ್ಟು ಮಾಡಿದ್ದನ್ನು ತಂದೆಯವರು ಬಾಯಿತುಂಬ ಹೇಳುತ್ತಿದ್ದರು. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಗಳಲ್ಲಿ ಈ ಗಾಡಿಯ ಓಟ 2023ರ ಅಕ್ಟೋಬರಿಗೆ ಮುಗಿಯಿತು. ನಮ್ಮದು ಮಾತ್ರ ಐದೈದು ವರ್ಷಕ್ಕೊಮ್ಮೆ ಹೊಸದಾಗಿ ನೋಂದಣಿ ಮಾಡಿಸಿಕೊಂಡು ಇನ್ನೂ ನಡೆದಿದೆ. ಅವ್ವನಿಗೆ ಈಗ ಎಂಬತ್ತಾರು. ಕುಂಭೋಜದ ಬಾಹುಬಲಿಗೆ ಹೋಗಬೇಕಾದರೂ, ಕುಂಥಲಗಿರಿಗೆ ಹೋಗಬೇಕಾದರೂ ಅವಳಿಗೆ ಆ ಹಿಂದಿನ ಸೀಟೇ ಬೇಕು. ಹೊಸ ಗಾಡಿಗಳಲ್ಲಿ ಕೂತರೆ ಬಾವಿಯಲ್ಲಿ ಇಳಿದಂತಾಗುತ್ತದೆ ಅನ್ನುತ್ತಾಳೆ.

ಈ ಗಾಡಿಯನ್ನು ಬಹಳ ವರ್ಷ ನಡೆಸಿದವನು ನಮ್ಮ ತಮ್ಮ. ಅವನು 2012ರಲ್ಲಿ ಹೃದಯದ ಬೇನೆಯಿಂದ ತೀರಿಕೊಂಡ. ಅವನ ಮಗ ಆಗ ಹದಿಮೂರರವನು. ನಮ್ಮ ಮಕ್ಕಳ ಜೊತೆಗೇ ಬೆಳೆದ. ಅಂಗಡಿಯಲ್ಲಿ ಕೂಡು ಎಂದರೆ ಕೂಡಲಿಲ್ಲ. ಐಟಿಐ ಮುಗಿಸಿ ಸಾಂಗಲಿಯಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತ. ವ್ಯಾಪಾರಸ್ಥರ ಮನೆಯ ಹುಡುಗ ಕೈಗೆ ಮಸಿ ಮಾಡಿಕೊಳ್ಳುತ್ತಾನಲ್ಲ ಎಂದು ಸಂಬಂಧಿಕರು ಆಡಿಕೊಂಡರು. ಗಿರಣಿಯ ಮಸಿಯಲ್ಲೇ ನಾವು ಉಂಡು ಬೆಳೆದದ್ದನ್ನು ಅವರು ಮರೆತಿರಬೇಕು.

ಕಳೆದ ವರ್ಷ ಫಿಯಾಟಿನ ಕ್ಲಚ್ ಜಾರತೊಡಗಿತು. ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಕ್ಲಚ್ ಪ್ಲೇಟು ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬಿಚ್ಚಿದರೆ ಅದರ ಹಿಂದೆ ಕಾಣುವುದೇ ಈ ಫ್ಲೈವ್ಹೀಲ್. ಹುಡುಗ ಬಂದು ಹೇಳಿದ: "ದೊಡ್ಡಪ್ಪಾ, ಹೆಂಗೂ ಎಲ್ಲಾ ಬಿಚ್ಚೂದ ಐತಿ. ಅದರ ಜೋಡಿ ಫ್ಲೈವ್ಹೀಲ್ ಹಗರ ಮಾಡಿಸಿಬಿಡೋಣ್ರಿ. ಗಾಡಿ ಹುಡುಗನಂಗ ಆಗತೈತಿ." ನಮ್ಮ ಹಳೆಯ ಮಿಸ್ತ್ರಿ ಅಲ್ಲೇ ಕೂತಿದ್ದ. ಅವನು ಚಹಾದ ಬಶಿ ಕೆಳಗಿಟ್ಟು "ಸಾವಕಾರ್ರ, ಈ ಇಂಜಿನ್ ಮುದಿ ಎತ್ತಿದ್ದಂಗ. ಅದರ ಹೆಜ್ಜಿ ಅದಕ್ಕ ಗೊತ್ತ. ಓಡಸಾಕ ಹೋಗಬ್ಯಾಡ್ರಿ" ಎಂದ. ಇಲ್ಲಿಂದ ವಾದ ಸುರುವಾಯಿತು.

ಈಗ ಈ ಚಕ್ರವೆಂದರೆ ಏನು ಎಂಬುದನ್ನು ಗೊತ್ತಿಲ್ಲದವರಿಗಾಗಿ ಹೇಳಬೇಕು. ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಮೇಲಿನ ಕಲ್ಲು ಭಾರವಾಗಿದ್ದರೆ ಮೊದಲ ಸುತ್ತು ತಿರುವುವುದು ಕಷ್ಟ. ಒಮ್ಮೆ ತಿರುಗಹತ್ತಿತೆಂದರೆ ಕೈ ಒಂದು ಕ್ಷಣ ಸಡಿಲಾದರೂ ಕಲ್ಲು ತಾನೇ ಹೋಗುತ್ತದೆ. ಮೋಟಾರಿನ ಇಂಜಿನ್ನೂ ಹಾಗೇ, ಅದು ಒಂದೇ ಸಮ ನೂಕುವುದಿಲ್ಲ. ಒಳಗೆ ಪೆಟ್ರೋಲು ಹೊತ್ತಿಕೊಂಡಾಗಲೊಮ್ಮೆ ಒಂದು ಹೊಡೆತ, ಆಮೇಲೆ ಖಾಲಿ, ಮತ್ತೊಂದು ಹೊಡೆತ. ಈ ಹೊಡೆತಗಳ ನಡುವಿನ ಖಾಲಿ ಜಾಗವನ್ನು ತುಂಬಿ ಕೊಡುವುದು ಆ ಭಾರ ಚಕ್ರದ ಕೆಲಸ. ಬಂದದ್ದನ್ನು ಜಮಾ ಮಾಡಿಟ್ಟುಕೊಂಡು ಇಲ್ಲದಾಗ ಕೊಡುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಇಂಜಿನ್ನಿನ ಶಿಲ್ಕು. ಇದಲ್ಲದೆ ಇನ್ನೆರಡು ಕೆಲಸ ಅದಕ್ಕಿವೆ. ಅದರ ಅಂಚಿಗೆ ಹಲ್ಲಿನ ಬಳೆ ಇರುತ್ತದೆ, ಕೀಲಿ ತಿರುವಿದಾಗ ಸ್ಟಾರ್ಟರ್ ಅದನ್ನು ಹಿಡಿದು ಇಂಜಿನ್ ತಿರುವುತ್ತದೆ. ಅದರ ಮುಖದ ಮೇಲೆ ಕ್ಲಚ್ ಪ್ಲೇಟು ಒತ್ತಿಕೊಂಡು ಶಕ್ತಿಯನ್ನು ಗಾಲಿಗಳ ಕಡೆಗೆ ಕಳಿಸುತ್ತದೆ.

ನಮ್ಮ ಗಿರಣಿಯ ಇಂಜಿನ್ನಿಗೆ ಒಂದೇ ಸಿಲಿಂಡರು. ನಿಮಿಷಕ್ಕೆ 650 ಸುತ್ತು. ಎರಡು ಸುತ್ತಿಗೊಮ್ಮೆ ಹೊಡೆತ, ಅಂದರೆ ನಿಮಿಷಕ್ಕೆ 325. ಅದಕ್ಕೇ ಅದರ ಎರಡೂ ಬದಿಗೆ ಎದೆಮಟ್ಟದ ಬೀಡು ಕಬ್ಬಿಣದ ಚಕ್ರಗಳು. ಎಣ್ಣೆ ಬಂದ್ ಮಾಡಿದ ಮೇಲೂ ಎಷ್ಟೋ ಹೊತ್ತು ಅವು ತಿರುಗುತ್ತಲೇ ಇರುತ್ತಿದ್ದವು. ನಾವು ಹುಡುಗರು ಎಣಿಸುತ್ತ ನಿಲ್ಲುತ್ತಿದ್ದೆವು. ಫಿಯಾಟಿಗೆ ನಾಲ್ಕು ಸಿಲಿಂಡರು, ಅರ್ಧ ಸುತ್ತಿಗೊಂದು ಹೊಡೆತ. ನಿಂತಲ್ಲಿ ನಿಮಿಷಕ್ಕೆ 800 ಸುತ್ತಿದರೂ 1600 ಹೊಡೆತ ಬಿದ್ದವು. ಹೊಡೆತಗಳು ಇಷ್ಟು ಹತ್ತಿರ ಬಿದ್ದಾಗ ನಡುವಿನ ಖಾಲಿ ಕಡಿಮೆ, ಶಿಲ್ಕೂ ಕಡಿಮೆ ಸಾಕು. ಹುಡುಗನ ವಾದದ ಬೇರು ಇಲ್ಲೇ ಇದೆ. ಕಂಪನಿಯವರು ಎಲ್ಲ ತರಹದ ಜನ ನಡೆಸಲಿ ಎಂದು ಚಕ್ರವನ್ನು ಧಾರಾಳವಾಗಿ ಭಾರ ಮಾಡಿಟ್ಟಿರುತ್ತಾರೆ, ಚೆನ್ನಾಗಿ ನಡೆಸಬಲ್ಲವನಿಗೆ ಅಷ್ಟು ಬೇಕಿಲ್ಲ ಎಂಬುದು ಅವನ ಮಾತು.

ಅವನು ಬರಿಯ ಬಾಯಿಮಾತು ಆಡಲಿಲ್ಲ, ಲೆಕ್ಕ ತಂದ. ಸಾಂಗಲಿಯ ವಾಲಚಂದ ಕಾಲೇಜಿನಲ್ಲಿ ಓದಿದ ಅವನ ಗೆಳೆಯನೊಬ್ಬ ಮಾಡಿಕೊಟ್ಟ ಲೆಕ್ಕವದು. ನಾವು ಅದನ್ನು ಎರಡು ಸಲ ಕೇಳಿ, ಕೀರ್ದಿಯ ಹಿಂದಿನ ಹಾಳೆಯಲ್ಲಿ ನಾವೇ ಮಾಡಿ ನೋಡಿದೆವು. ಮೊದಲ ಗೇರಿನಲ್ಲಿ ಗಾಲಿ ಒಂದು ಸುತ್ತು ತಿರುಗಬೇಕಾದರೆ ಇಂಜಿನ್ 14 ಸುತ್ತು ತಿರುಗುತ್ತದೆ ಎಂದು ಹಿಡಿಯಿರಿ. ಗಾಡಿ ವೇಗ ಹಿಡಿಯುವಾಗ ಇಂಜಿನ್ ಗಾಡಿಯನ್ನಷ್ಟೇ ಅಲ್ಲ, ತನ್ನ ಚಕ್ರವನ್ನೂ ಅಷ್ಟು ಪಟ್ಟು ಜೋರಾಗಿ ತಿರುವಬೇಕು. ಗಾಲಿಯ ನಡುವಿನಿಂದ ನೆಲಕ್ಕೆ 27 ಸೆಂಟಿಮೀಟರು, ಚಕ್ರದ ನಡುವಿನಿಂದ ಅಂಚಿಗೆ 12 ಸೆಂಟಿಮೀಟರು ಎಂದು ಹಿಡಿದರೆ, ಅಂಚಿನಿಂದ ತೆಗೆದ ಒಂದು ಕಿಲೋ ಮೊದಲ ಗೇರಿನಲ್ಲಿ ಗಾಡಿಯಿಂದ ಸುಮಾರು 38 ಕಿಲೋ ಇಳಿಸಿದ ಹಾಗೆ. ಎರಡು ಕಿಲೋ ತೆಗೆದರೆ ಒಬ್ಬ ದಷ್ಟಪುಷ್ಟ ಮನುಷ್ಯನನ್ನು ಇಳಿಸಿದ ಹಾಗೆ! ಆದರೆ ಅದೇ ಲೆಕ್ಕ ಮೇಲಿನ ಗೇರಿಗೆ, ಅಂದರೆ ಇಂಜಿನ್ 4 ಸುತ್ತಿಗೆ ಗಾಲಿ ಒಂದು ಸುತ್ತಿಗೆ ಬಂದಾಗ, ಎರಡು ಕಿಲೋಗೆ ಬರೀ ಆರು ಕಿಲೋ ಚಿಲ್ಲರೆ. ಒಂದು ಚೀಲ ಬೇಳೆ ಮನೆಯಲ್ಲಿ ಬಿಟ್ಟು ಬಂದಷ್ಟೂ ಇಲ್ಲ. ಒಂದೇ ವೇಗದಲ್ಲಿ ನೆಟ್ಟಗೆ ಹೋಗುತ್ತಿದ್ದರಂತೂ ಲಾಭ ಸೊನ್ನೆ. ಇಂಜಿನ್ನಿನ ಅಶ್ವಶಕ್ತಿ ಇದರಿಂದ ಒಂದು ಗುಂಜಿಯಷ್ಟೂ ಹೆಚ್ಚುವುದಿಲ್ಲ, ಗರಿಷ್ಠ ವೇಗವೂ ಹೆಚ್ಚುವುದಿಲ್ಲ. ಇದನ್ನು ಹುಡುಗನೇ ಒಪ್ಪಿದ. ಅಂಗಡಿಯಲ್ಲಿ ಮಾಲು ಮಾರುವವರು ಬೇರೆ ಹೇಳಿದರೆ ನಂಬಬಾರದು.

ಹಾಗಾದರೆ ಲಾಭ ಎಲ್ಲಿ? ಗೇರು ಬದಲಿಸುವಾಗ ಇದೆ. ಆಕ್ಸಿಲೇಟರ್ ಒತ್ತಿದ ಕೂಡಲೇ ಇಂಜಿನ್ ಏರುತ್ತದೆ, ಬಿಟ್ಟ ಕೂಡಲೇ ಇಳಿಯುತ್ತದೆ. ಕೆಳಗಿನ ಗೇರಿಗೆ ಬರುವಾಗ ಇಂಜಿನ್ನನ್ನು ಒಂದು ಪೆಟ್ಟಿಗೆ ಸರಿಯಾದ ಸುತ್ತಿಗೆ ತಂದು ನಿಲ್ಲಿಸಬಹುದು. ತಿರುವು ಹೆಚ್ಚಿದ್ದ ರಸ್ತೆಯಲ್ಲಿ, ಪೈಪೋಟಿಯ ಓಟದಲ್ಲಿ ಇದರ ಬೆಲೆ ದೊಡ್ಡದು. ಕೆಳಗಿನ ಗೇರುಗಳಲ್ಲಿ ಚಿಮ್ಮು ಬರುತ್ತದೆ, ಕಾಲು ತೆಗೆದರೆ ಗಾಡಿಯೂ ಬೇಗ ನಿಧಾನವಾಗುತ್ತದೆ. ಅವನ ಮುಖ ನೋಡಬೇಕಿತ್ತು ಇದನ್ನು ಹೇಳುವಾಗ. ನಮ್ಮ ತಮ್ಮ ಗಿರಣಿಯ ಪಟ್ಟಾ ಹೊಲಿಯುವಾಗ ಅದೇ ಮುಖ ಮಾಡುತ್ತಿದ್ದ.

ಖರ್ಚಿನ ಕಡೆಯ ಲೆಕ್ಕ ಮಿಸ್ತ್ರಿಯದು. ಅವನು ಕಾಗದದ ಮೇಲೆ ಬರೆಯುವವನಲ್ಲ, ಬೆರಳು ಮಡಚಿ ಹೇಳುವವನು. ನಿಂತ ಗಾಡಿ ಹೊರಡುವಾಗ ಕ್ಲಚ್ ಬಿಟ್ಟ ಕ್ಷಣದಲ್ಲಿ ಗಾಡಿಯ ಭಾರವೆಲ್ಲ ಒಮ್ಮೆಲೇ ಇಂಜಿನ್ನಿನ ಮೇಲೆ ಬೀಳುತ್ತದೆ. ಭಾರ ಚಕ್ರವಿದ್ದರೆ ಅದರ ಶಿಲ್ಕಿನಿಂದ ಆ ಹೊತ್ತು ಸಾಗುತ್ತದೆ. ಹಗುರವಾಗಿದ್ದರೆ ಇಂಜಿನ್ ಗಕ್ಕನೆ ನಿಲ್ಲುತ್ತದೆ. ಅದಕ್ಕೆ ಇಂಜಿನ್ನನ್ನು ಹೆಚ್ಚು ಓಡಿಸಿ ಕ್ಲಚ್ಚನ್ನು ಜಾರಿಸುತ್ತ ಬಿಡಬೇಕು, ಆಗ ಹೊಸ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ. ನಿಂತಲ್ಲಿ ಇಂಜಿನ್ ನಡುಗುತ್ತದೆ, ಗೇರ್‌ಬಾಕ್ಸಿನಿಂದ ಕಟಕಟ ಸದ್ದು ಬರಬಹುದು. ಏರಿನಲ್ಲಿ ಗೇರು ಬದಲಿಸುವಷ್ಟರಲ್ಲಿ ಇಂಜಿನ್ನಿನ ಸುತ್ತು ಬಿದ್ದುಹೋಗಿರುತ್ತದೆ. ಇದರ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿರುವುದು. ಅದನ್ನು ಬಲ್ಲವರಿಗೆ ಗೊತ್ತು, ಅದರಲ್ಲಿ ಅವಸರ ನಡೆಯುವುದಿಲ್ಲ. ಇಂಜಿನ್ನಿನ ಗಾತ್ರ 1089 ಸಿಸಿ, ಸುಮಾರು ನಲವತ್ತು ಅಶ್ವಶಕ್ತಿ. ಅದರಲ್ಲಿ ಐದು ಜನ, ಬುತ್ತಿ, ನೀರಿನ ಕ್ಯಾನು, ಅವ್ವನ ಹಾಸಿಗೆ. ಈ ಗಾಡಿಗೆ ಬೇಕಾಗಿರುವುದು ಚಿಮ್ಮೋ, ತಾಳ್ಮೆಯೋ ಎಂದು ಮಿಸ್ತ್ರಿ ಕೇಳಿದ.

ಇನ್ನೊಂದು ಮಾತು ಮಿಸ್ತ್ರಿ ಎತ್ತಲಿಲ್ಲ, ನಾವೇ ಎತ್ತಿದೆವು. ಈ ಗಾಡಿಗೆ ತಯಾರಾದ ಹಗುರ ಚಕ್ರ ಅಂಗಡಿಯಲ್ಲಿ ಸಿಗಲಿಲ್ಲ. ಹುಡುಗನ ವಿಚಾರ, ಇದ್ದ ಬೀಡು ಕಬ್ಬಿಣದ ಚಕ್ರವನ್ನೇ ಲೇಥಿಗೆ ಹಾಕಿಸಿ ಹಿಂದಿನ ಮುಖದಿಂದ ಸವರಿಸಿ ತೆಗೆಯುವುದು. ಹಾಗೆ ಮಾಡುವವರು ಇದ್ದಾರೆ, ಚಕ್ರದ ಆಕಾರ ತಿಳಿದು ಹದ ತಪ್ಪದೆ ತೆಗೆದರೆ ಅದು ಬಾಳುತ್ತದೆ ಕೂಡ. ಆದರೆ ಬೀಡು ಕಬ್ಬಿಣದ ಗುಣ ಬೇರೆ. ಒತ್ತಿದರೆ ತಡೆಯುತ್ತದೆ, ಜಗ್ಗಿದರೆ ಸೀಳುತ್ತದೆ. ತಿರುಗುವ ಚಕ್ರದಲ್ಲಿ ಅಂಚು ಹೊರಕ್ಕೆ ಹಾರಿಹೋಗಲು ಜಗ್ಗುತ್ತಿರುತ್ತದೆ. ಸುತ್ತು ಎರಡು ಪಟ್ಟಾದರೆ ಆ ಜಗ್ಗು ನಾಲ್ಕು ಪಟ್ಟಾಗುತ್ತದೆ.

1978ರ ಬೇಸಿಗೆ ಇರಬೇಕು. ನಮ್ಮ ಕಡೆಯ ಒಂದು ಶೇಂಗಾ ಒಡೆಯುವ ಗಿರಣಿಯಲ್ಲಿ ಇಂಜಿನ್ನಿನ ಚಕ್ರಕ್ಕೆ ಸೀಳು ಬಿದ್ದಿತ್ತು. ಹೊಸದು ತರಿಸುವುದು ಬಿಟ್ಟು ಬೆಸುಗೆ ಹಾಕಿಸಿ ನಡೆಸಿದ್ದರು. ಒಂದು ಮಧ್ಯಾಹ್ನ ಗವರ್ನರು ಸಿಕ್ಕಿಕೊಂಡು ಇಂಜಿನ್ ಮಿತಿಮೀರಿ ಓಡಿತು. ಚಕ್ರ ಒಡೆದು ಒಂದು ತುಂಡು ತಗಡಿನ ಛಾವಣಿ ಹರಿದುಕೊಂಡು ರಸ್ತೆಯಾಚೆಯ ಬೇವಿನ ಮರದ ಬೊಡ್ಡೆಗೆ ಹೊಕ್ಕಿತು. ಹಮಾಲರು ರೊಟ್ಟಿ ತಿನ್ನಲು ಹೋಗಿದ್ದರು, ಜೀವಕ್ಕೆ ಏನೂ ಆಗಲಿಲ್ಲ. ನಾವು ಸಾಯಂಕಾಲ ಹೋಗಿ ಆ ಮರ ನೋಡಿದೆವು. ತುಂಡನ್ನು ಕೀಳಲು ಇಬ್ಬರು ಬೇಕಾಯಿತು. ಫಿಯಾಟಿನಲ್ಲಿ ಈ ಚಕ್ರ ಇರುವುದು ಎಲ್ಲಿ? ಇಂಜಿನ್ನಿನ ಹಿಂದೆ, ಗೇರ್‌ಬಾಕ್ಸಿನ ಬಾಯಲ್ಲಿ, ನಡೆಸುವವನ ಪಾದದ ಪಕ್ಕದಲ್ಲಿ. ನಡುವೆ ಇರುವುದು ಒಂದು ಕವಚ, ಒಂದು ತಗಡು. ನಲವತ್ತು ವರ್ಷ ಕಾದು ಆರಿ, ಕಾದು ಆರಿ ನಡೆದ ಬೀಡು ಅದು. ಕಣ್ಣಿಗೆ ಕಾಣದ ಸೀಳು ಎಲ್ಲಿದೆಯೋ ಹೇಳುವವರು ಯಾರು? ಹುಡುಗ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ, "ಸೀಳು ನೋಡೂ ಔಷಧಿ ಬರತೈತ್ರಿ ದೊಡ್ಡಪ್ಪಾ, ಹಚ್ಚಿದ್ರ ಕೆಂಪ ಗೆರಿ ಕಾಣತೈತಿ" ಎಂದ. ಅದೂ ನಿಜವೇ.

ಅವ್ವ ಇದನ್ನೆಲ್ಲ ಜಪಮಣಿ ಹಿಡಿದು ಕೇಳುತ್ತ ಕೂತಿದ್ದಳು. ಎರಡು ದಿನದ ಮೇಲೆ ಒಮ್ಮೆ ತಾನಾಗಿ ಹೇಳಿದಳು: "ನಾ ಈ ಮನಿಗೆ ಬಂದಾಗ ಬೀಸೂ ಕಲ್ಲ ಭಾಳ ಭಾರ ಇತ್ತ. ವರ್ಷಾ ಮುಳ್ಳ ಹೊಡಿಸಿ ಹೊಡಿಸಿ ತೆಳ್ಳಗಾತು. ಬೀಸಾಕ ಹಗರ ಆತ ಖರೆ, ಹಿಟ್ಟ ಮಾತ್ರ ತರಿ ತರಿ." ಹುಡುಗ ನಕ್ಕು, "ಆಯೀ, ಭಾರ ಕಮ್ಮಿ ಮಾಡ್ಕೋರಿ ಅಂತ ದಿನಾ ಶಾಸ್ತ್ರದಾಗ ಕೇಳತಿ, ನಾ ಹೇಳಿದ್ರ ಯಾಕ ಒಲ್ಲೆ ಅಂತಿ?" ಎಂದ. ಅವ್ವನೂ ನಕ್ಕಳು. ಆದರೆ ಅವಳ ತಕರಾರು ನಿಂತಿದ್ದು ಬೇರೆ ಕಡೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಾಹುಬಲಿಯಿಂದ ಹೊರಟರೆ ಸಂಜೆಯೊಳಗೆ ಮನೆ ಮುಟ್ಟಿ ಅವಳ ಊಟ ಆಗಬೇಕು. ದಾರಿಯಲ್ಲಿ ಗಾಡಿ ನಿಂತರೆ ಆ ದಿನ ಅವಳಿಗೆ ಉಪವಾಸವೇ. ಇಷ್ಟು ವರ್ಷ ಹೀಗೆ ನಿಂತದ್ದು ಎರಡೇ ಸಲ ಎಂದು ಲೆಕ್ಕವಿಟ್ಟಿದ್ದಾಳೆ.

ಇಷ್ಟೇ ಆಗಿದ್ದರೆ ಇದು ಮೂರು ತಿಂಗಳು ನಡೆಯುವ ವಾದವಲ್ಲ. ಚಕ್ರದ ಹಿಂದೆ ಇನ್ನೊಂದು ವಿಷಯವಿತ್ತು. ಹುಡುಗನಿಗೆ ಪುಣೆಯಲ್ಲಿ ಪೈಪೋಟಿಯ ಗಾಡಿಗಳನ್ನು ತಯಾರು ಮಾಡುವ ಒಂದು ವರ್ಕ್‌ಶಾಪಿನಿಂದ ಕರೆ ಬಂದಿತ್ತು. ಅವನ ತಾಯಿ ಬೇಡವೆನ್ನುತ್ತಿದ್ದಳು. ಗಂಡ ಹೋದ ಮೇಲೆ ಇದ್ದ ಒಬ್ಬ ಮಗ, ಗಾಡಿ ಓಡಿಸುವವರ ನಡುವೆ ಹೋಗಿ ಏನಾದರೂ ಮಾಡಿಕೊಂಡರೆ ಎಂಬ ಹೆದರಿಕೆ. ಕಡೆಗೆ "ದೊಡ್ಡಪ್ಪ ಹೂಂ ಅಂದ್ರ ಹೋಗು" ಎಂದು ನಮ್ಮ ಮೇಲೆ ಹಾಕಿದ್ದಳು. ಹುಡುಗ ಆ ಮಾತನ್ನು ನಮ್ಮೆದುರು ಎತ್ತಿಯೇ ಇರಲಿಲ್ಲ. ಚಕ್ರದ ಮಾತಷ್ಟೇ ಎತ್ತಿದ್ದ. ಅಪ್ಪನ ಗಾಡಿಯ ಮೇಲೆ ತನ್ನ ಕೈ ಆಡಲು ಬಿಟ್ಟರೆ ತನ್ನ ವಿದ್ಯೆಯ ಮೇಲೆ ಮನೆಯವರಿಗೆ ಭರವಸೆ ಇದೆ ಎಂದರ್ಥ, ಬಿಡದಿದ್ದರೆ ಪುಣೆಯ ಮಾತು ಎತ್ತುವುದರಲ್ಲಿ ಅರ್ಥವಿಲ್ಲ ಎಂದು ಅವನು ತಿಳಿದಿದ್ದ. ಇದು ನಮಗೆ ಗೊತ್ತಾದದ್ದು ನಮ್ಮ ಮನೆಯವರಿಂದ. ದೊಡ್ಡವ್ವನ ಮುಂದೆ ಹುಡುಗರು ಬಾಯಿ ಬಿಡುತ್ತಾರೆ.

ಅಂಗಡಿಯ ಪದ್ಧತಿಯಲ್ಲಿ ಎರಡು ಖಾತೆಯ ರಕಮನ್ನು ಒಂದೇ ಖಾತೆಗೆ ಬರೆದರೆ ವರ್ಷದ ಕೊನೆಗೆ ತಾಳೆ ಹತ್ತುವುದಿಲ್ಲ. ಚಕ್ರದ ಖಾತೆ ಬೇರೆ, ಹುಡುಗನ ಖಾತೆ ಬೇರೆ. ಒಂದು ಅಮಾವಾಸ್ಯೆಯ ದಿನ ಅಂಗಡಿ ಬಂದ್ ಇದ್ದಾಗ ಅವನನ್ನು ಕೂಡಿಸಿಕೊಂಡು ಇದನ್ನೇ ಹೇಳಿದೆವು. ಫಿಯಾಟಿನ ಚಕ್ರಕ್ಕೆ ಉಳಿ ತಾಗಿಸುವುದು ಬೇಡ. ಕಾರಣ ನಿನ್ನ ಕೈ ಅಲ್ಲ, ಆ ಬೀಡಿನ ವಯಸ್ಸು, ಆ ಇಂಜಿನ್ನಿನ ಶಕ್ತಿ, ಹಿಂದಿನ ಸೀಟಿನಲ್ಲಿ ಕೂಡುವವರು. ಅದರ ಮುಖ ಮಾತ್ರ ಸವರಿಸಿ ಸಪಾಟು ಮಾಡಿಸು, ತೂಕ ಸಮ ಮಾಡಿಸು, ಸೀಳಿನ ಔಷಧ ಹಚ್ಚಿ ನೋಡು. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಇಂಜಿನ್ನಿನ ಹಿಂದಿನ ಆಯಿಲ್ ಸೀಲು ಎಲ್ಲ ಹೊಸದು ಹಾಕು, ಮಿಸ್ತ್ರಿ ಪಕ್ಕದಲ್ಲಿ ನಿಲ್ಲಲಿ, ಕೆಲಸ ನೀನೇ ಮಾಡು. ಇನ್ನು ಪುಣೆಗೆ ಹೋಗುವುದಕ್ಕೆ ನಮ್ಮ ಹೂಂ ಇದೆ, ನಿನ್ನ ತಾಯಿಗೆ ನಾವೇ ಹೇಳುತ್ತೇವೆ. ಹಗುರ ಚಕ್ರದ ಆಸೆ ಇದ್ದರೆ ನಿನ್ನ ಸ್ವಂತ ಗಾಡಿಗೆ ಹಾಕು.

ಅವನು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ "ನನ್ನ ಹತ್ರ ಗಾಡಿ ಎಲ್ಲೈತ್ರಿ?" ಎಂದ. ಆ ಮಾತೂ ಸರಿ.

ಕಡೆಗೆ 2004ರ ಒಂದು ಮಾರುತಿ ಎಸ್ಟೀಮ್ ಸಿಕ್ಕಿತು. ಆ ಗಾಡಿ ತಯಾರಾಗುವುದು 2007ಕ್ಕೇ ನಿಂತಿದೆ, ಆದರೆ ಅದರ 1.3 ಲೀಟರಿನ ಇಂಜಿನ್ ಹುಡುಗರಿಗೆ ಪ್ರೀತಿಯದು: ಹಗುರ ಮೈ, ಸುತ್ತು ಏರುವ ಸ್ವಭಾವ. ಅರ್ಧ ಅವನು ಕೂಡಿಸಿದ್ದು, ಅರ್ಧ ನಾವು ಕೊಟ್ಟದ್ದು. ಕೊಟ್ಟದ್ದನ್ನು ಅವನ ಹೆಸರಿಗೆ ಖಾತೆಯಲ್ಲಿ ಬರೆದಿದ್ದೇವೆ, ಬಡ್ಡಿ ಇಲ್ಲ, ತಿಂಗಳಿಗೆ ಎರಡು ಸಾವಿರ. ಅದಕ್ಕೆ ಅವನು ಉಕ್ಕಿನ ಗಟ್ಟಿಯಿಂದ ಕಡೆದ ಚಕ್ರ ತರಿಸಿದ. ಬೀಡನ್ನು ತೆಳ್ಳಗೆ ಮಾಡಿದ್ದಲ್ಲ, ಹಗುರವೆಂದೇ ತಯಾರಾದದ್ದು. ಅಲ್ಯೂಮಿನಿಯಂ ಚಕ್ರವೂ ಬರುತ್ತದಂತೆ. ಆದರೆ ಅದರ ಮೇಲೆ ಕ್ಲಚ್ ನೇರವಾಗಿ ಉಜ್ಜಿದರೆ ತಾಳುವುದಿಲ್ಲ, ಉಕ್ಕಿನ ತಟ್ಟೆ ಕೂಡಿಸಿರಬೇಕು, ಬೆಲೆಯೂ ಹೆಚ್ಚು. ಹಳೆಯದನ್ನೂ ಹೊಸದನ್ನೂ ಅಂಗಡಿಯ ತಕ್ಕಡಿಯಲ್ಲಿ ಹಾಕಿ ತೂಗಿದೆವು. ಹಳೆಯದು 6 ಕಿಲೋದ ಮೇಲೆ, ಹೊಸದು 4 ಕಿಲೋದ ಒಳಗೆ. ಕೈಯಲ್ಲಿ ಹಿಡಿದರೆ ತಾಟಿನ ಹಾಗಿತ್ತು. ಹಮಾಲರೂ ಎತ್ತಿ ನೋಡಿದರು.

ಹಾಕಿದ ಮೇಲೆ ಅವನ ಪಕ್ಕದಲ್ಲಿ ಕೂತು ವಿಜಯಪುರದ ರಸ್ತೆಯಲ್ಲಿ ಹೋಗಿ ಬಂದೆವು. ಎರಡನೆಯ ಗೇರು, ಮೂರನೆಯ ಗೇರಿನಲ್ಲಿ ಅದು ಏರುವ ರೀತಿ ನೋಡಿದರೆ ಹುಡುಗ ಹೇಳಿದ್ದು ಸುಳ್ಳಲ್ಲ. ಕಾಲು ಇಟ್ಟರೆ ಏರು, ತೆಗೆದರೆ ಇಳಿ. ಅವನು ಗೇರು ಬದಲಿಸುವಾಗ ಮೈಗೆ ಗೊತ್ತೇ ಆಗಲಿಲ್ಲ. ನಂತರ ನಾವು ನಡೆಸಿದೆವು. ಊರೊಳಗೆ ಸಂತೆಯ ದಿನ, ಎತ್ತಿನ ಗಾಡಿ, ಟೆಂಪೋ, ಕುರಿಹಿಂಡು. ಬಸದಿಯ ತಿರುವಿನಲ್ಲಿ ಎರಡು ಸಲ, ಸ್ಟ್ಯಾಂಡಿನ ಮುಂದೆ ಒಂದು ಸಲ ಇಂಜಿನ್ ನಿಂತಿತು. ಹಿಂದಿನವರು ಹಾರ್ನ್ ಹೊಡೆದರು. ನಲವತ್ತು ವರ್ಷ ಫಿಯಾಟಿನ ಕ್ಲಚ್ ಬಿಟ್ಟ ಕಾಲು ನಮ್ಮದು, ಅದು ಬೇರೆ ವಿದ್ಯೆ ಕಲಿಯಲು ಒಪ್ಪಲಿಲ್ಲ. ನಿಂತಲ್ಲಿ ಕನ್ನಡಿಯೂ ಸಣ್ಣಗೆ ನಡುಗುತ್ತಿತ್ತು. ಎ.ಸಿ. ಹಾಕಿದರೆ ಇನ್ನೂ ಹೆಚ್ಚು. ಹುಡುಗ ಆಮೇಲೆ ಇಂಜಿನ್ನಿನ ನಿಂತಲ್ಲಿಯ ಸುತ್ತನ್ನು ಸ್ವಲ್ಪ ಏರಿಸಿದ, ಆಗ ನಡುಕ ಕಡಿಮೆಯಾಯಿತು. ಪೆಟ್ರೋಲಿನ ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸ ಅವನ ಲೆಕ್ಕದಲ್ಲೂ ಬಂದಿಲ್ಲ.

ಡೀಸೆಲ್ ಕಾರು ಇಟ್ಟ ಬಂಧುಗಳಿಗೆ ಒಂದು ಮಾತು. ಡೀಸೆಲ್ ಇಂಜಿನ್ನಿನ ಹೊಡೆತ ಜೋರು, ಅದಕ್ಕೆ ಭಾರ ಚಕ್ರ ಹೆಚ್ಚು ಬೇಕು. ಹೊಸ ಡೀಸೆಲ್ ಗಾಡಿಗಳು ಹಲವಕ್ಕೆ ಎರಡು ಪದರಿನ ಚಕ್ರ ಇರುತ್ತದೆ, ನಡುವೆ ಸ್ಪ್ರಿಂಗುಗಳು. 1985ರಲ್ಲಿ ಜರ್ಮನಿಯವರು ಕಾರುಗಳಿಗೆ ಹಾಕಲು ಸುರು ಮಾಡಿದ್ದು. ಅದು ಕೆಟ್ಟರೆ ಹೊಸದಕ್ಕೆ ದೊಡ್ಡ ಬಿಲ್ಲು ಬರುತ್ತದೆ. ಆಗ ಕೆಲವು ಗ್ಯಾರೇಜಿನವರು ಒಂದೇ ಪದರಿನ ಹಗುರ ಚಕ್ರ ಹಾಕಿಕೊಡುತ್ತೇವೆ, ಅರ್ಧ ಖರ್ಚಿನಲ್ಲಿ ಆಗುತ್ತದೆ ಎನ್ನುತ್ತಾರೆ. ಹಾಕಬಹುದು, ಗಾಡಿ ನಡೆಯುತ್ತದೆ. ಆದರೆ ಸ್ಪ್ರಿಂಗುಗಳು ನುಂಗುತ್ತಿದ್ದ ಹೊಡೆತ ಗೇರ್‌ಬಾಕ್ಸಿಗೆ ಹೋಗುತ್ತದೆ, ಸದ್ದೂ ಹೆಚ್ಚುತ್ತದೆ. ಉಳಿದ ಹಣ ಮುಂದೆ ಯಾವ ಖಾತೆಗೆ ಹೋಗುವುದೋ ಕೇಳಿಕೊಂಡು ಹೂಂ ಅನ್ನಿರಿ.

ಫಿಯಾಟಿನ ಕೆಲಸವನ್ನು ಹುಡುಗ ಹೇಳಿದಂತೆಯೇ ಮಾಡಿ ಮುಗಿಸಿದ. ಚಕ್ರಕ್ಕೆ ಔಷಧ ಹಚ್ಚಿ ಮಿಸ್ತ್ರಿಗೂ ತೋರಿಸಿದ, ಕೆಂಪು ಗೆರೆ ಎಲ್ಲೂ ಕಾಣಲಿಲ್ಲ. ಮಿಸ್ತ್ರಿ ಅವನ ಕೈಯಿಂದ ಒಂದು ಬೋಲ್ಟನ್ನೂ ಮತ್ತೆ ಬಿಚ್ಚಿಸಲಿಲ್ಲ, ಅವನ ಮಟ್ಟಿಗೆ ಅದು ದೊಡ್ಡ ಶಾಭಾಸ್‌ಗಿರಿ. ಕಾರ್ತೀಕದಲ್ಲಿ ಅವ್ವನನ್ನು ಬಾಹುಬಲಿಗೆ ಕರೆದೊಯ್ದೆವು. 1963ರಲ್ಲಿ ಅಲ್ಲಿ 28 ಅಡಿಯ ಮೂರ್ತಿ ನಿಂತಾಗ ಅವಳು ಸೊಸೆಯಾಗಿ ಬಂದು ಹೆಚ್ಚು ವರ್ಷವಾಗಿರಲಿಲ್ಲ, ಆಗ ಹೋದದ್ದು ಎತ್ತಿನ ಗಾಡಿ ಮತ್ತು ರೈಲಿನಲ್ಲಿ. ಈ ಸಲ ಹೊತ್ತು ಮುಳುಗಲು ಇನ್ನೂ ಅರ್ಧ ತಾಸಿರುವಾಗ ಮನೆಗೆ ಬಂದು ಊಟ ಮಾಡಿದಳು.

ಹುಡುಗ ಪುಣೆಗೆ ಹೋಗಿ ಏಳು ತಿಂಗಳಾಯಿತು. ಕಂತು ಒಂದೂ ತಪ್ಪಿಲ್ಲ. ದೀಪಾವಳಿಗೆ ಎಸ್ಟೀಮಿನಲ್ಲಿ ಬಂದಿದ್ದ. ಖಂಬಾಟಕಿ ಘಾಟಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು ಒಂದು ತಾಸು ಇಂಚಿಂಚು ಹತ್ತಬೇಕಾಯಿತಂತೆ, "ಕಾಲ ಸೋತ್ವು ದೊಡ್ಡಪ್ಪಾ" ಎಂದ. ಆದರೂ ಹಳೆಯ ಚಕ್ರ ಮತ್ತೆ ಹಾಕುತ್ತೀಯಾ ಎಂದರೆ ಈಗಲೇ ಬೇಡ ಎಂದ. ಹೋಗುವ ದಿನ ಗೋದಾಮಿಗೆ ಹೋಗಿ ಅದನ್ನು ಹುಡುಕಿ ತೆಗೆದು, ಜಂಗು ಹಿಡಿಯದ ಹಾಗೆ ಹೊಸದಾಗಿ ಗ್ರೀಸು ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟ. "ಇದನ್ನ ಭಂಗಾರದವಗ ಕೊಡಬ್ಯಾಡ್ರಿ ಮತ್ತ" ಎಂದು ನಮ್ಮ ಗುಮಾಸ್ತನಿಗೆ ಎರಡು ಸಲ ಹೇಳಿ ಹೋದ.